ನೀರ್‌ಸಾಬ್ ಕೊರೆಸಿದ್ದು ಬರೀ ಬೋರಲ್ಲ

ಹುಮನಾಬಾದ್ ತಾಲ್ಲೂಕಿನ ಯಾವ ಊರಿಗೆ ಹೋದರೂ ಒಂದು ವಸ್ತು ಕಣ್ಣಿಗೆ ಬಿದ್ದೇ ಬೀಳುತ್ತೆ. ಗುಡಿ ಮುಂದೋ, ದರ್ಗಾದ ಕಟ್ಟೆ ಪಕ್ಕಕ್ಕೋ, ಶಾಲೆಯ ಕಾಂಪೌಂಡಿಗೆ ಹತ್ತಿಕೊಂಡೋ ನಿಂತಿರುವ ಕೈಪಂಪು. ನಮ್ಮ ಕಡೆ ಅದಕ್ಕೆ ಬೋರಿಂಗ್ ಅಂತಾರೆ, ಮರಾಠಿ ಮಾತಾಡೋ ಮನೆಗಳಲ್ಲಿ ಹಾಪಸಾ. ಕೆಲವು ಇನ್ನೂ ನೀರು ಕೊಡ್ತಾವೆ. ಕೆಲವಕ್ಕೆ ಹಿಡಿಕೆಯೇ ಇಲ್ಲ, ಮೂರು ಕಾಲಿನ ಪೀಠ ಮಾತ್ರ ಉಳಿದು ಎಮ್ಮೆ ಕಟ್ಟೋಕೆ ಆಸರೆಯಾಗಿದೆ.

ಪ್ರತಿ ವರ್ಷ ಸೆಪ್ಟೆಂಬರ್ 15ಕ್ಕೆ ನಾವು ಸರ್ ಎಂ.ವಿ. ಅವರ ಫೋಟೋಗೆ ಹಾರ ಹಾಕ್ತೇವೆ, ಭಾಷಣ ಮಾಡ್ತೇವೆ, ಪತ್ರಿಕೆಯಲ್ಲಿ ಒಂದು ಲೇಖನ ಹಾಕ್ತೇವೆ. ಅದು ತಪ್ಪಬಾರದು, ಸರಿ. ಆದರೆ ಈ ಸಲ ಇಂಜಿನಿಯರೇ ಅಲ್ಲದ, ಆದರೂ ನಮ್ಮ ಊರುಗಳ ನೀರಿನ ಜೊತೆ ಹೆಸರು ಅಂಟಿಕೊಂಡಿರುವ ಒಬ್ಬರ ಬಗ್ಗೆ ಬರೆಯೋಣ ಅಂತ ಕೂತೆವು. ಅವರು ಅಬ್ದುಲ್ ನಜೀರ್ ಸಾಬ್. ಜನ ಕರೆದದ್ದು ನೀರ್‌ಸಾಬ್ ಅಂತ. ಯಾವ ಸರಕಾರವೂ ಕೊಟ್ಟ ಬಿರುದಲ್ಲ ಇದು. ನಜೀರ್ ಅನ್ನೋದು ನೀರ್ ಆಗೋಕೆ ನಾಲಿಗೆಗೆ ಜಾಸ್ತಿ ಕಷ್ಟವೂ ಇಲ್ಲ.

ನಜೀರ್ ಸಾಬ್ ನಮ್ಮ ಸೀಮೆಯವರಲ್ಲ. ಅವರ ಊರು ಗುಂಡ್ಲುಪೇಟೆ. ಆಗ ಮೈಸೂರು ಜಿಲ್ಲೆ, ಈಗ ಚಾಮರಾಜನಗರ ಜಿಲ್ಲೆ. ನಾವು ರಾಜ್ಯದ ಉತ್ತರದ ತುದಿಯಾದರೆ ಅದು ದಕ್ಷಿಣದ ತುದಿ. ಆ ಕಡೆ ಬಂಡೀಪುರದ ಕಾಡು, ನೀಲಗಿರಿ ಬೆಟ್ಟ. ಹಸಿರು ನೋಡಿ ಮೋಸ ಹೋಗಬಾರದು, ಬೆಟ್ಟದ ಮರೆಯಲ್ಲಿರುವ ಆ ತಾಲ್ಲೂಕಿಗೆ ಮಳೆ ಕಮ್ಮಿ. ಕುಡಿಯೋ ನೀರಿಗೆ ಕೊಡ ಹೊತ್ತು ನಡೆಯೋದು ಏನು ಅಂತ ಅಲ್ಲಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಕಡೆಯವರಿಗೂ ಇಲ್ಲ.

1983ರ ಜನವರಿಯಲ್ಲಿ ಕರ್ನಾಟಕದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರಕಾರ ಬಂತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ನಜೀರ್ ಸಾಬ್ ಪಾಲಿಗೆ ಬಂತು. ರಾಜಕಾರಣಿಗಳು ಹೊಡೆದಾಡಿಕೊಂಡು ಕೇಳೋ ಖಾತೆ ಆಗ ಇದಾಗಿರಲಿಲ್ಲ. ಕಂದಾಯ, ಲೋಕೋಪಯೋಗಿ, ಅಬಕಾರಿ ಇವುಗಳ ಮುಂದೆ ಹಳ್ಳಿಯ ಚರಂಡಿ, ಬಾವಿ, ಬೀದಿ ದೀಪ ನೋಡೋ ಖಾತೆಗೆ ಏನು ಮರ್ಯಾದೆ? ಅದಕ್ಕೊಂದು ಮರ್ಯಾದೆ ಬಂದದ್ದೇ ಅವರ ಕಾಲದಿಂದ.

80ರ ದಶಕದ ನಡುವಿನ ವರ್ಷಗಳಲ್ಲಿ ರಾಜ್ಯಕ್ಕೆ ಬರ ಬಿತ್ತು. ಬಾವಿಗಳು ಒಣಗಿದವು. ಆಗ ಶುರುವಾಯಿತು ಕೊಳವೆಬಾವಿಯ ಕಾಲ. ರಿಗ್ ಲಾರಿಗಳು ಹಳ್ಳಿಯಿಂದ ಹಳ್ಳಿಗೆ ಹೊರಟವು. ನೀರಿಲ್ಲದ ಊರಿನ ಪಟ್ಟಿ ಹಿಡಿದು ನಜೀರ್ ಸಾಬ್ ಅಧಿಕಾರಿಗಳ ಬೆನ್ನು ಹತ್ತಿದರು. ಸಾವಿರಾರು ಊರಿಗೆ ಹೀಗೆ ನೀರು ಬಂತು, ಹೆಸರೂ ಬಂತು.

ಇಲ್ಲಿ ಸ್ವಲ್ಪ ನಿಂತು ಪಂಪಿನ ಕತೆ ಹೇಳಬೇಕು. ಇಲ್ಲಾಂದ್ರೆ ಮೆಕ್ಯಾನಿಕಲ್ ಬ್ರ್ಯಾಂಚಿನವರು ನಮ್ಮನ್ನ ಬಿಡಲ್ಲ. 1967ರ ಹೊತ್ತಿಗೆ ಯುನಿಸೆಫ್ ನೆರವಿನಿಂದ ಗಟ್ಟಿ ಬಂಡೆ ಕೊರೆಯುವ ಗಾಳಿ ಒತ್ತಡದ ರಿಗ್‌ಗಳು ದೇಶಕ್ಕೆ ಬಂದವು. ಕೈಯಲ್ಲಿ ಅಗೆದರೆ ತಿಂಗಳುಗಟ್ಟಲೆ ಹಿಡಿಯೋ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ತೂತು ಬಿತ್ತು, ಸರಿ. ಅದರ ಮೇಲೆ ಕೂರಿಸಿದ ಪಂಪು ಮಾತ್ರ ಒಂದು ಮನೆಯವರು ಬಳಸೋ ಎರಕದ ಕಬ್ಬಿಣದ್ದು. ದಿನಕ್ಕೆ ನೂರಾರು ಮಂದಿ ಒತ್ತಿದರೆ ಅದು ಎಷ್ಟು ದಿನ ಬಾಳೀತು? 70ರ ದಶಕದ ನಡುವೆ ಲೆಕ್ಕ ಹಾಕಿದಾಗ ಅಂಥವುಗಳಲ್ಲಿ ಮುಕ್ಕಾಲು ಪಾಲು ಕೆಟ್ಟು ನಿಂತಿದ್ದವು.

ಇದಕ್ಕೆ ಮದ್ದು ಹುಟ್ಟಿದ್ದು ನಮ್ಮ ನೆರೆಯಲ್ಲೇ. ಹುಮನಾಬಾದ್ ಮೇಲೆ ಹಾದು ಹೋಗುವ ಹೈದರಾಬಾದ್ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ ಸಿಗುವ ಸೋಲಾಪುರದಲ್ಲಿ ಉಕ್ಕಿನ ಒಂದು ಪಂಪು ತಯಾರಾಗುತ್ತಿತ್ತು. ಹಿಡಿಕೆಗೆ ಒಂದೇ ಕೀಲು, ಅದರ ತುದಿಗೆ ಚೈನು, ಚೈನಿಗೆ ಕೆಳಗಿನ ಪಿಸ್ಟನ್ ಸರಳು. ಸರಳು ಅತ್ತಿತ್ತ ಓಲಾಡದೆ ನೆಟ್ಟಗೆ ಏರಿಳಿಯುತ್ತೆ. ಆ ಸೋಲಾಪುರ ಪಂಪನ್ನೇ ತಳಪಾಯ ಮಾಡಿಕೊಂಡು ಇಂಡಿಯಾ ಮಾರ್ಕ್ 2 ಬಂತು. 70ರ ದಶಕದ ಕೊನೆಗೆ ಅದು ದೇಶಕ್ಕೆಲ್ಲ ಮಾದರಿಯಾಯಿತು, ಆಮೇಲೆ ಆಫ್ರಿಕಾದ ಹಳ್ಳಿಗಳಿಗೂ ಹೋಯಿತು. ನಮ್ಮ ಊರ ಗುಡಿ ಮುಂದೆ ನಿಂತಿರೋದೂ ಅದೇ. ನಜೀರ್ ಸಾಬ್ ಮಂತ್ರಿಯಾಗುವ ಹೊತ್ತಿಗೆ ರಿಗ್ಗೂ ಸಿದ್ಧ, ಬಾಳಿಕೆ ಬರುವ ಪಂಪೂ ಸಿದ್ಧ. ಅವರ ಅದೃಷ್ಟ ಅನ್ನಿ. ಆದರೆ ಅದೇ ರಿಗ್ಗು ಅದೇ ಪಂಪು ಬೇರೆ ರಾಜ್ಯದ ಮಂತ್ರಿಗಳಿಗೂ ಸಿಕ್ಕಿತ್ತಲ್ಲ.

ಸರಕಾರದ ಅಳತೆಗೋಲು ಆಗ ಹೀಗಿತ್ತು: ಒಬ್ಬರಿಗೆ ದಿನಕ್ಕೆ 40 ಲೀಟರ್, 250 ಜನಕ್ಕೆ ಒಂದು ಪಂಪು. ನಾವು ಸುಮ್ಮನೆ ಲೆಕ್ಕ ಹಾಕಿ ನೋಡಿದೆವು. 250 ಜನಕ್ಕೆ 40 ಲೀಟರ್ ಅಂದ್ರೆ 10,000 ಲೀಟರ್. ಮಾರ್ಕ್ 2 ಪಂಪು ನಿಮಿಷಕ್ಕೆ ಸುಮಾರು 12 ಲೀಟರ್ ಎತ್ತುತ್ತೆ. ಭಾಗಿಸಿದರೆ 833 ನಿಮಿಷ, ಹತ್ತಿರ ಹತ್ತಿರ 14 ತಾಸು. ಒಂದು ಕ್ಷಣವೂ ಕೈ ಬಿಡದೆ ಒತ್ತಬೇಕು. ನಸುಕಿನ ನಾಲ್ಕಕ್ಕೇ ಬೋರಿಂಗ್ ಮುಂದೆ ಕೊಡಗಳ ಸಾಲು ಯಾಕಿರ್ತಿತ್ತು ಅಂತ ನಮಗೆ ಆಗ ತಿಳೀತು. ನಮ್ಮ ಅಮ್ಮಂದಿರ ಭುಜದ ನೋವಿನ ಲೆಕ್ಕವೂ ಇದರಲ್ಲೇ ಇದೆ.

ಇಷ್ಟಾದರೂ ಆ ನೀರು ಬಂದದ್ದು ಸಣ್ಣ ಮಾತಲ್ಲ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಆಗ ನಾರುಹುಣ್ಣು ಇತ್ತು. ಮೆಟ್ಟಿಲು ಬಾವಿಗೆ ಇಳಿದು ನೀರು ತುಂಬೋವಾಗ, ಕಾಲಲ್ಲಿ ಹುಣ್ಣಿರುವವರಿಂದ ಹುಳದ ಮರಿ ನೀರಿಗೆ ಸೇರುತ್ತೆ. ಅದೇ ನೀರು ಕುಡಿದವರ ಮೈಯಲ್ಲಿ ಒಂದು ವರ್ಷದ ಹೊತ್ತಿಗೆ ದಾರದಂಥ ಹುಳ ಬೆಳೆದು ಚರ್ಮ ಸೀಳಿ ಹೊರಗೆ ಬರುತ್ತೆ. ಔಷಧಿ ಇಲ್ಲ, ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಅಂತ ಎಳೆಯಬೇಕು. ಇಳಿಯೋಕೆ ಮೆಟ್ಟಿಲೇ ಇಲ್ಲದ, ಮುಚ್ಚಿದ ಕೊಳವೆಯ ನೀರು ಈ ಸರಪಳಿಯನ್ನ ಕಡಿಯಿತು. 1983-84ರ ಹೊತ್ತಿಗೆ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದ ಕೊನೆಗೆ, 2000ನೇ ಇಸವಿಯಲ್ಲಿ ಭಾರತ ನಾರುಹುಣ್ಣು ಮುಕ್ತ ದೇಶ ಅನ್ನಿಸಿಕೊಂಡಿತು. ಇನ್ನೊಂದು ವಿಷಯ. ಊರ ಬಾವಿಯಲ್ಲಿ ಯಾರು ಸೇದಬಹುದು, ಯಾರು ದೂರ ನಿಂತು ಬೇಡಬೇಕು ಅನ್ನೋದು ಜಾತಿಯ ಮೇಲೆ ನಿಂತಿತ್ತು. ಬಸವಣ್ಣನವರ ಕಲ್ಯಾಣದ ಸುತ್ತಲಿನ ಊರುಗಳೇ ಇವು, ಹೇಳೋಕೆ ನಾಚಿಕೆ. ಕೇರಿಯೊಳಗೇ ಸರಕಾರದ ಬೋರ್ ಬಿದ್ದ ಮೇಲೆ ಕೇರಿಯ ಹೆಣ್ಣುಮಗಳು ಬೇರೆಯವರ ಬಾವಿ ಕಟ್ಟೆ ಹತ್ತಿರ ಕಾಯೋದು ತಪ್ಪಿತು.

ಈಗ ದುಡ್ಡಿನ ಮಾತಿಗೆ ಬರೋಣ. ನಜೀರ್ ಸಾಬ್ ಬದುಕಿನ ಮುಖ್ಯ ಭಾಗ ನಮ್ಮ ಪ್ರಕಾರ ಇಲ್ಲಿದೆ, ಬೋರಿನಲ್ಲಲ್ಲ.

ಹಳ್ಳಿಗೆ ಸರಕಾರದ ದುಡ್ಡು ಎರಡು ರೂಪದಲ್ಲಿ ಬರುತ್ತೆ: ಅನುದಾನ ಮತ್ತು ಸಾಲ. ಹಳ್ಳಿಗೆ ಕರೆಂಟ್ ಎಳೆಯೋದು ಹೆಚ್ಚಾಗಿ ಸಾಲದ ದುಡ್ಡಲ್ಲಿ. 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುದೀಕರಣ ನಿಗಮ ರಾಜ್ಯಗಳ ವಿದ್ಯುತ್ ಮಂಡಳಿಗಳಿಗೆ ಸಾಲ ಕೊಡುತ್ತಿತ್ತು. ನಮ್ಮ ಕೆಇಬಿಯೂ ಅಲ್ಲಿಂದ ತಂದು ಕಂಬ ನೆಟ್ಟಿತು. (ಜೆಸ್ಕಾಂ ಬಂದು ಎಷ್ಟೋ ವರ್ಷ ಆಯ್ತು, ನಮ್ಮ ಮಂದಿ ಬಾಯಲ್ಲಿ ಇನ್ನೂ ಕೆಇಬಿಯೇ.) ಕರೆಂಟಿಗೆ ಬಿಲ್ಲು ಹಾಕಬಹುದು, ಬಿಲ್ಲಿನಿಂದ ಸಾಲ ತೀರಿಸಬಹುದು, ಕಾಗದದ ಮೇಲಾದರೂ. ಕೈಪಂಪಿಗೆ ಯಾರು ಬಿಲ್ಲು ಹಾಕ್ತಾರೆ? ಹಾಗಾಗಿ ಕೈಪಂಪಿನ ನೀರು ಅನುದಾನದಲ್ಲೇ ಬರಬೇಕು. 1972-73ರಿಂದ ಕೇಂದ್ರ ಸರಕಾರ ವೇಗವರ್ಧಿತ ಗ್ರಾಮೀಣ ನೀರು ಸರಬರಾಜು ಕಾರ್ಯಕ್ರಮದಲ್ಲಿ ರಾಜ್ಯಗಳಿಗೆ ಅನುದಾನ ಕೊಡುತ್ತಿತ್ತು. ಐದನೇ ಪಂಚವಾರ್ಷಿಕ ಯೋಜನೆಯಿಂದ ಕನಿಷ್ಠ ಅಗತ್ಯಗಳ ಕಾರ್ಯಕ್ರಮದ ಕೆಳಗೆ ರಾಜ್ಯವೂ ದುಡ್ಡು ಇಡುತ್ತಿತ್ತು.

ದುಡ್ಡು ಇದ್ದೇ ಇತ್ತು ಅಂತಾಯ್ತು. ಅದು ಯಾವ ಊರಿಗೆ ಮೊದಲು ಅಂತ ಹೇಳೋರು ಯಾರು? ಗಂಟು ಇರೋದೇ ಇಲ್ಲಿ. 1959ರ ಕಾಯಿದೆಯಲ್ಲಿ ಗ್ರಾಮ ಪಂಚಾಯಿತಿ ಇತ್ತು, ಅದರ ಮೇಲೆ ತಾಲ್ಲೂಕು ಅಭಿವೃದ್ಧಿ ಮಂಡಳಿ ಇತ್ತು. ಜಿಲ್ಲೆಯ ಮಟ್ಟದಲ್ಲಿ ಇದ್ದದ್ದು ಸಲಹೆ ಕೊಡೋ ಒಂದು ಪರಿಷತ್ತು ಮಾತ್ರ. ಇಲಾಖೆಗಳ ದುಡ್ಡು ಬೆಂಗಳೂರಲ್ಲಿ ಹುಟ್ಟಿ, ಇಲಾಖೆಯ ಕೊಳವೆಯೊಳಗೇ ಹರಿದು, ಇಲಾಖೆಯ ಇಂಜಿನಿಯರ್ ಕೈಯಲ್ಲಿ ಹೊರಗೆ ಬೀಳುತ್ತಿತ್ತು. ಹುಮನಾಬಾದ್ ಕಡೆಯ ಒಂದು ಹಳ್ಳಿಗೆ ಬೋರ್ ಬೇಕಾದರೆ ಶಾಸಕರ ಕಾಗದ ಬೇಕು, ಬೆಂಗಳೂರಿನ ಬಸ್ಸು ಹತ್ತಬೇಕು, ವಿಧಾನಸೌಧದ ಕಾರಿಡಾರಿನಲ್ಲಿ ಕಾಯಬೇಕು. ಸಿಕ್ಕರೆ ಅದು ದೊಡ್ಡವರ ಉಪಕಾರ. ಉಪಕಾರಕ್ಕೆ ಪ್ರತಿಯಾಗಿ ಏನು ಕೊಡಬೇಕು ಅನ್ನೋದು ಎಲ್ಲರಿಗೂ ಗೊತ್ತು.

ನಜೀರ್ ಸಾಬ್ ಇದನ್ನ ತಿರುಗಿಸಿ ಹಾಕೋಕೆ ಹೊರಟರು. ಒಂದು ಕೈಯಲ್ಲಿ ಬೋರ್ ಕೊರೆಸ್ತಾ, ಇನ್ನೊಂದು ಕೈಯಲ್ಲಿ ಒಂದು ಕಾಯಿದೆ ಬರೆಸಿದರು. ಅದರ ಹೆಸರೇ ಒಂದು ಸಾಲು ತುಂಬುತ್ತೆ: ಕರ್ನಾಟಕ ಜಿಲ್ಲಾ ಪರಿಷತ್ತುಗಳು, ತಾಲ್ಲೂಕು ಪಂಚಾಯತ್ ಸಮಿತಿಗಳು, ಮಂಡಲ ಪಂಚಾಯತಿಗಳು ಮತ್ತು ನ್ಯಾಯ ಪಂಚಾಯತಿಗಳ ಅಧಿನಿಯಮ, 1983. ರಾಷ್ಟ್ರಪತಿಗಳ ಅಂಕಿತ ಬೀಳೋಕೆ 1985ರ ತನಕ ಕಾಯಬೇಕಾಯಿತು. ಮೊದಲ ಚುನಾವಣೆ 1987ರ ಜನವರಿಯಲ್ಲಿ. ನಾಲ್ಕು ವರ್ಷ! ಅಷ್ಟರಲ್ಲಿ ನಡುವೆ ಒಂದು ವಿಧಾನಸಭಾ ಚುನಾವಣೆಯೇ ಆಗಿಹೋಗಿತ್ತು. ಬೇರೆ ಮಂತ್ರಿಯಾಗಿದ್ದರೆ ಫೈಲು ಕಟ್ಟಿಟ್ಟು ಸುಮ್ಮನಾಗುತ್ತಿದ್ದರೇನೋ.

ಆ ಕಾಯಿದೆಯಲ್ಲಿ ಇದ್ದದ್ದೇನು? ಹಲವು ಹಳ್ಳಿ ಸೇರಿ ಒಂದು ಮಂಡಲ ಪಂಚಾಯತಿ, ಜನಸಂಖ್ಯೆ ಸುಮಾರು ಎಂಟರಿಂದ ಹನ್ನೆರಡು ಸಾವಿರ. ಅದರ ಮುಖ್ಯಸ್ಥನಿಗೆ ಪ್ರಧಾನ ಅಂತ ಹೆಸರು. ಜಿಲ್ಲೆಗೆ ನೇರವಾಗಿ ಆರಿಸಿ ಬಂದ ಜಿಲ್ಲಾ ಪರಿಷತ್ತು. ಅದರ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಬರುವ ಐಎಎಸ್ ಅಧಿಕಾರಿ ಜಿಲ್ಲಾಧಿಕಾರಿಗಿಂತ ಹಿರಿಯರು, ಆದರೆ ಕೆಲಸ ಮಾಡಬೇಕಾದದ್ದು ಚುನಾಯಿತ ಅಧ್ಯಕ್ಷರ ಕೈಕೆಳಗೆ. ನಿಜಾಮರ ಕಾಲದಿಂದ ಜಿಲ್ಲೆಗೆ ಕಲೆಕ್ಟರ್ ಸಾಹೇಬರೇ ಮೇಲು ಅಂತ ನಂಬಿದ್ದ ಬೀದರ್ ಜಿಲ್ಲೆಯಲ್ಲಿ ಇದು ಎಂಥ ಬದಲಾವಣೆ ಅಂತ ಊಹಿಸಿ. ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸ್ಥಾನ. ಸಂವಿಧಾನದ 73ನೇ ತಿದ್ದುಪಡಿ ಮಹಿಳೆಯರಿಗೆ ಮೂರನೇ ಒಂದು ಪಾಲು ಕೊಟ್ಟದ್ದು 1993ರಲ್ಲಿ, ಇದಕ್ಕೆ ಆರು ವರ್ಷ ಆದ ಮೇಲೆ.

ಎಲ್ಲಕ್ಕಿಂತ ಹೆಚ್ಚಿನದು ಬಜೆಟ್ಟಿನ ವಿಷಯ. ಶಾಲೆ, ಆರೋಗ್ಯ ಕೇಂದ್ರ, ಕುಡಿಯೋ ನೀರು, ಹಳ್ಳಿ ರಸ್ತೆ ಇವುಗಳ ದುಡ್ಡನ್ನ ರಾಜ್ಯ ಬಜೆಟ್ಟಿನಲ್ಲೇ ಜಿಲ್ಲಾವಾರು ಬೇರೆ ಮಾಡಿ ಅಚ್ಚು ಹಾಕಿದರು. ಬೀದರ್ ಜಿಲ್ಲೆಗೆ ಇಷ್ಟು ಅಂತ ಬರೆದದ್ದು ಬೀದರ್ ಜಿಲ್ಲೆಯದ್ದೇ. ಆ ಪುಸ್ತಕಕ್ಕೆ ಅಧಿಕಾರಿಗಳು ಲಿಂಕ್ ಡಾಕ್ಯುಮೆಂಟ್ ಅಂತಾರೆ. ನೋಡೋಕೆ ಒಣ ಒಣ ಅಂಕಿಗಳ ಕಂತೆ. ನಮಗೆ ಮಾತ್ರ ರಿಗ್ ಯಂತ್ರಕ್ಕಿಂತ ಈ ಪುಸ್ತಕವೇ ದೊಡ್ಡದಾಗಿ ಕಾಣ್ತದೆ. ಗ್ರಾಮೀಣ ನೀರಿನ ಇಂಜಿನಿಯರುಗಳೂ ಜಿಲ್ಲಾ ಪರಿಷತ್ತಿನ ಕೈಗೆ ಬಂದರು. ಬೋರ್ ಕೇಳೋಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ, ಬೀದರಿಗೆ ಹೋದರಾಯಿತು. ಸಣ್ಣ ರಿಪೇರಿಗೆ ಬೀದರೂ ಬೇಡ, ಮಂಡಲದ ಪ್ರಧಾನರ ಮನೆ ಬಾಗಿಲಿಗೆ ಹೋದರೆ ಸಾಕು. ವರ್ಷಕ್ಕೆ ಎರಡು ಸಲ ಗ್ರಾಮ ಸಭೆ ಸೇರಿಸಬೇಕು, ಅಲ್ಲಿ ಯಾರು ಬೇಕಾದರೂ ಎದ್ದು ಕೇಳಬಹುದು.

ಇದರಲ್ಲಿ ಒಂದು ತಮಾಷೆಯಿದೆ. ಮಂತ್ರಿಯೊಬ್ಬರು ನಾಲ್ಕು ವರ್ಷ ಬೆವರು ಸುರಿಸಿ ಮಾಡಿದ್ದೇನೆಂದರೆ ತನ್ನ ಮೇಜಿನ ಮೇಲಿದ್ದ ಅಧಿಕಾರವನ್ನ ಕೆಳಗೆ ಇಳಿಸಿ ಕೊಟ್ಟದ್ದು. ಶಾಸಕರಲ್ಲಿ ಅನೇಕರಿಗೆ ಇದು ಹಿಡಿಸಲಿಲ್ಲ. ಅವರ ಪಕ್ಷದವರಿಗೂ ಹಿಡಿಸಲಿಲ್ಲ. ಬೋರ್ ಕೊಡಿಸೋ ಶಕ್ತಿ ಹೋದರೆ ಊರಲ್ಲಿ ಶಾಸಕರ ಕಾರಿನ ಹಿಂದೆ ಯಾರು ಓಡ್ತಾರೆ? ಸಹಿ ಹಾಕಿಸಿಕೊಳ್ಳೋಕೆ ಬರುವ ಜನರ ಗುಂಪೇ ರಾಜಕಾರಣಿಯ ಆಸ್ತಿ. ನಜೀರ್ ಸಾಬ್ ಆ ಆಸ್ತಿಯನ್ನ ಹಂಚಿಬಿಟ್ಟರು.

ಅದು ಪೂರ್ತಿ ಯಶಸ್ಸಾಯಿತು ಅಂತ ನಾವು ಹೇಳೋದಿಲ್ಲ. ಜಿಲ್ಲಾ ಪರಿಷತ್ತಿಗೆ ಬಂದ ದುಡ್ಡಲ್ಲಿ ಬಹುಪಾಲು ಸಂಬಳಕ್ಕೂ ಮೊದಲೇ ಗೊತ್ತು ಮಾಡಿದ ಯೋಜನೆಗಳಿಗೂ ಹೋಗುತ್ತಿತ್ತು, ಸ್ವಂತ ಬುದ್ಧಿಯಿಂದ ಖರ್ಚು ಮಾಡೋಕೆ ಉಳಿಯುತ್ತಿದ್ದದ್ದು ಕಮ್ಮಿ. ಮಂಡಲಗಳಿಗೆ ತೆರಿಗೆ ವಸೂಲು ಮಾಡುವ ಧೈರ್ಯ ಇರಲಿಲ್ಲ. ಕಂಟ್ರಾಕ್ಟರ್‌ಗಳು ಬೆಂಗಳೂರಿನ ಬದಲು ಬೀದರಿನಲ್ಲಿ ಬಾಗಿಲು ತಟ್ಟಿದರು. ಆದರೂ ಶಾಲೆಗೆ ಮಾಸ್ತರು, ಆಸ್ಪತ್ರೆಗೆ ಡಾಕ್ಟರು ಬರೋದು ಜಾಸ್ತಿಯಾಯಿತು ಅಂತ ಆ ವರ್ಷಗಳನ್ನ ಅಧ್ಯಯನ ಮಾಡಿದವರು ಬರೆದಿದ್ದಾರೆ. ಬರದಿದ್ದರೆ ಕೇಳೋ ಸದಸ್ಯ ಅದೇ ಊರಲ್ಲಿ ಇದ್ದನಲ್ಲ.

ಬೋರಿನ ಬಗ್ಗೆಯೂ ಒಂದು ಆಕ್ಷೇಪ ಕೇಳಿಬರುತ್ತೆ: ಕೊಳವೆಬಾವಿಯ ಹುಚ್ಚು ಹಿಡಿಸಿ ಅಂತರ್ಜಲ ಬತ್ತಿಸಿದ್ದೇ ಆ ಕಾಲ ಅಂತ. ಸಿವಿಲ್‌ನವರು ಇದನ್ನ ಸ್ವಲ್ಪ ಬಿಡಿಸಿ ನೋಡಬೇಕು. ಹುಮನಾಬಾದಿನ ನೆಲದಲ್ಲಿ ಮೇಲೆ ಕೆಂಪು ಜಂಬಿಟ್ಟಿಗೆ, ಅದರ ಕೆಳಗೆ ಕರಿಕಲ್ಲು. ಕರಿಕಲ್ಲಿನಲ್ಲಿ ನೀರು ಇರೋದು ಬಿರುಕಿನಲ್ಲಿ, ಎರಡು ಪದರದ ನಡುವೆ. ಅದಕ್ಕೇ ಇಲ್ಲಿ ಬಿದ್ದ ನೀರು ಇಪ್ಪತ್ತು ಹೆಜ್ಜೆ ಆಚೆ ಬೀಳಲ್ಲ. ಇಂಥ ನೆಲದಿಂದ ದಿನಕ್ಕೆ ಹತ್ತು ಸಾವಿರ ಲೀಟರ್ ಎತ್ತುವ ಕೈಪಂಪು ಎಷ್ಟು ಬತ್ತಿಸೀತು? ಬತ್ತಿಸಿದ್ದು ಆಮೇಲೆ ಬಂದ ಕಬ್ಬಿನ ಹೊಲದ ಮೋಟರುಗಳು. ಆದರೆ ಕೊರೆದರೆ ನೀರು ಸಿಗುತ್ತೆ ಅನ್ನೋ ನಂಬಿಕೆ ಊರಿಗೆ ಬಂದದ್ದು ಸರಕಾರದ ಬೋರಿನಿಂದಲೇ. ಅಷ್ಟು ಪಾಲು ಒಪ್ಪಬೇಕು.

ತಾವು ಕಟ್ಟಿದ್ದು ಹೇಗೆ ನಡೆಯುತ್ತೆ ಅಂತ ನೋಡೋಕೆ ನಜೀರ್ ಸಾಬ್‌ಗೆ ಎರಡು ವರ್ಷವೂ ಸಿಗಲಿಲ್ಲ. ಕ್ಯಾನ್ಸರ್ ಹಿಡಿಯಿತು. 1988ರ ಅಕ್ಟೋಬರಿನಲ್ಲಿ ತೀರಿಕೊಂಡರು. ಹೆಗಡೆಯವರು ಅದೇ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟು ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದರು. ಮುಂದಿನ ವರ್ಷ ಸರಕಾರವೇ ಹೋಯಿತು. 1992ರ ಜನವರಿಯಲ್ಲಿ ಪರಿಷತ್ತುಗಳ ಅವಧಿ ಮುಗಿದಾಗ ಚುನಾವಣೆ ನಡೆಸಲಿಲ್ಲ, ಆಡಳಿತಾಧಿಕಾರಿಗಳು ಬಂದು ಕೂತರು. 1993ರಲ್ಲಿ ರಾಜ್ಯಕ್ಕೆ ಹೊಸ ಪಂಚಾಯತ್ ರಾಜ್ ಕಾಯಿದೆ ಬಂದು ಮಂಡಲ ಹೋಗಿ ಗ್ರಾಮ ಪಂಚಾಯತಿ ಆಯಿತು, ಜಿಲ್ಲಾ ಪರಿಷತ್ತು ಜಿಲ್ಲಾ ಪಂಚಾಯತಿ ಆಯಿತು. ಜಿಲ್ಲಾ ಅಧ್ಯಕ್ಷರ ಕೈಯಲ್ಲಿದ್ದ ಹಳೆಯ ಹಿಡಿತ ಮಾತ್ರ ಹಾಗೇ ಉಳಿಯಲಿಲ್ಲ. ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರು ಇಟ್ಟಿದ್ದಾರೆ.

ಈಗ ಜಲ ಜೀವನ್ ಮಿಷನ್ ಬಂದಿದೆ. 40 ಲೀಟರ್ ಹೋಗಿ ತಲೆಗೆ 55 ಲೀಟರ್, ಮನೆ ಮನೆಗೆ ನಳ. ಕರ್ನಾಟಕದಲ್ಲಿ ಖರ್ಚು ಕೇಂದ್ರ ಅರ್ಧ, ರಾಜ್ಯ ಅರ್ಧ. ಊರೊಳಗಿನ ಕಾಮಗಾರಿಗೆ ಊರಿನವರ ವಂತಿಗೆಯೂ ಸೇರಬೇಕು. 15ನೇ ಹಣಕಾಸು ಆಯೋಗದ ಅನುದಾನ ನೇರ ಗ್ರಾಮ ಪಂಚಾಯತಿ ಖಾತೆಗೆ ಬರುವಾಗ ನೂರಕ್ಕೆ 60 ಪಾಲು ನೀರು ಮತ್ತು ನೈರ್ಮಲ್ಯಕ್ಕೇ ಅಂತ ಕಟ್ಟು ಹಾಕಿತ್ತು. ಹೀಗೆ ಹಳ್ಳಿಯ ಖಾತೆಗೆ ಹಳ್ಳಿಯ ಪಾಲು ಬೀಳೋದನ್ನ ಈಗ ಯಾರೂ ವಿಶೇಷ ಅಂದುಕೊಳ್ಳೋದಿಲ್ಲ. ಹಳ್ಳಿಯ ಮೇಷ್ಟ್ರಿಗೆ ಸಂಬಳ ಬರುವಷ್ಟೇ ಸಹಜ ಅನ್ನಿಸಿಬಿಟ್ಟಿದೆ.

ಪಂಪಿಗೆ ಸಂಬಂಧಿಸಿ ಇನ್ನೊಂದು ಹೇಳಬೇಕು. ಮಾರ್ಕ್ 2 ಪಂಪಿನ ದೊಡ್ಡ ದೋಷ ಅಂದರೆ ಕೆಳಗಿನ ವಾಷರ್ ಬದಲಿಸೋಕೆ ಪೈಪುಗಳನ್ನೆಲ್ಲ ಮೇಲೆ ಎಳೆಯಬೇಕು. ಅದಕ್ಕೆ ಮುಕ್ಕಾಲಿ, ನಾಲ್ಕೈದು ಆಳು, ತಾಲ್ಲೂಕಿನಿಂದ ಬರುವ ಗಾಡಿ ಬೇಕು. ಆಮೇಲಿನ ಮಾರ್ಕ್ 3ರಲ್ಲಿ ಸಿಲಿಂಡರಿನ ಬಾಯಿ ತೆರೆದಿಟ್ಟರು. ಸರಳಿನ ಜೊತೆ ಪಿಸ್ಟನ್ನೇ ಮೇಲೆ ಬರುತ್ತೆ, ಊರಿನ ಒಬ್ಬ ಮೆಕ್ಯಾನಿಕ್ ಮಾಡಬಹುದು. ಬೆಂಗಳೂರಿನಲ್ಲಿದ್ದ ಕೆಲಸವನ್ನ ಮಂಡಲಕ್ಕೆ ತಂದವರ ಬಗ್ಗೆ ಬರೀತಾ ಬರೀತಾ ನಮಗೆ ಈ ಎರಡು ಪಂಪುಗಳೇ ಕಣ್ಣ ಮುಂದೆ ಬರ್ತಿದ್ದವು.

ಹೋದ ಬೇಸಿಗೆಯಲ್ಲಿ ನಮ್ಮ ಗೆಳೆಯನೊಬ್ಬನ ಊರಿನ ಹಳೇ ಬೋರಿಂಗ್ ಕೆಟ್ಟು ನಿಂತಿತ್ತು. ನಳದಲ್ಲಿ ಮೂರು ದಿನದಿಂದ ನೀರಿರಲಿಲ್ಲ, ಕರೆಂಟ್ ಇಲ್ಲ ಅಂತ. ಗ್ರಾಮ ಸಭೆಯಲ್ಲಿ ಅವನ ಆಯಿ ಎದ್ದು ನಿಂತು, ಬೋರಿಂಗ್ ರಿಪೇರಿ ಮಾಡಿಸೋದು ಮಂಡಲದವರ ಕೆಲಸ, ಮಾಡಿಸ್ರಿ ಅಂತ ಪಟ್ಟು ಹಿಡಿದರು. ಮಂಡಲ ಹೋಗಿ ಮೂವತ್ತು ವರ್ಷ ಆಯ್ತು, ಅವರ ಬಾಯಲ್ಲಿ ಅದು ಇನ್ನೂ ಮಂಡಲವೇ. ನಜೀರ್ ಸಾಬ್ ಯಾರು ಅಂತ ಆಮೇಲೆ ನಾವು ಕೇಳಿದರೆ ಅವರಿಗೆ ಗೊತ್ತಿರಲಿಲ್ಲ. ವಾರದೊಳಗೆ ಆಳು ಬಂದ. ಮೇಲಿನ ಮುಚ್ಚಳ ತೆಗೆದರೆ ಚೈನು ತುಕ್ಕು ಹಿಡಿದು ತುಂಡಾಗಿತ್ತು, ಅಷ್ಟೇ. ಹೊಸ ಚೈನು ಹಾಕಿ ಗ್ರೀಸ್ ಸವರಿದ. ನಾವು ಸರದಿಯ ಮೇಲೆ ಒತ್ತಿದೆವು. ಮೊದಲು ಕೆಂಪು ನೀರು ಬಂತು, ಆಮೇಲೆ ತಿಳಿ.